ಮೇಸ್ತ್ರಿಯನ್ನು ಕೂರಿಸಿಕೊಂಡು ಬಂದದ್ದು

ಬಾಗಿಲುಗಳು ಮುಚ್ಚುತ್ತಿಲ್ಲ ಎಂದು ಫೋನು ಬಂದಾಗ ನಾನು ಕೌಲ್ ಬಜಾರಿನ ನಮ್ಮ ಅಂಗಡಿಯಲ್ಲಿ ಕೂತು ಗರಗಸಕ್ಕೆ ಅರ ಹಾಕುತ್ತಿದ್ದೆ. ಫೋನು ಮಾಡಿದವರು ಸಿರುಗುಪ್ಪದ ಅಕ್ಕ. ನಾವು ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ಅವರ ತವರು ಸಿರುಗುಪ್ಪ, ಗಂಡನ ಊರು ಕುಂದಾಪುರದ ಕಡೆ ಕಡಲಿಗೆ ಒತ್ತಿಕೊಂಡ ಒಂದು ಸಣ್ಣ ಮೀನುಗಾರರ ಊರು. ಅಲ್ಲಿ ಗಂಡ ಹೆಂಡತಿ ಸೇರಿ ರಜೆಗೆ ಬರುವವರಿಗೆಂದು ನಾಲ್ಕು ಕಾಟೇಜು ಕಟ್ಟಿಸಿದ್ದರು. ಅವುಗಳ ಕದ ಕಿಟಕಿಗಳನ್ನೆಲ್ಲ ಮಾಡಿಕೊಟ್ಟವರು ನಾವು.

“ಒಂದು ಬಾಗ್ಲೂ ಚೌಕಟ್ನ್ಯಾಗ ಕುಂದ್ರವಲ್ದು ನೋಡ್ರಿ. ಒದ್ದು ತೆಗೀಬೇಕು, ಒದ್ದು ಹಾಕಬೇಕು. ನಿನ್ನಿ ನಾನೇ ಒಂದ್ರಾಗ ಸಿಕ್ಕೊಂಡು ಕೂಗ್ಯಾಡಿದೆ,” ಎಂದು ಅಕ್ಕ ನಕ್ಕರು. ಆದರೆ ನಗೆ ಪೂರ್ತಿಯಾಗಲಿಲ್ಲ. “ದಸರಿ ರಜಾಕ್ಕ ಮಂದಿ ಬರ್ತಾರ. ಏನರ ಮಾಡ್ರಿ.”

ಪಕ್ಕದಲ್ಲೇ ಮೇಸ್ತ್ರಿ ಇದ್ದರು. ಅವರಿಗೆ ಮಾತು ಕೇಳಿಸಿತ್ತು. ಕೈಯಲ್ಲಿದ್ದ ಉಳಿಯನ್ನು ಹಲಗೆಯ ಮೇಲೆ ಇಟ್ಟು, ಹೊರಗೆ ಹೋಗಿ ಬೀದಿಯಲ್ಲಿ ನಿಂತುಬಿಟ್ಟರು.

ಮೇಸ್ತ್ರಿ ಕುರುಗೋಡಿನವರು. ಅರವತ್ತು ದಾಟಿತ್ತು. ನಮ್ಮಪ್ಪ ಅಂಗಡಿ ನಡೆಸುತ್ತಿದ್ದಾಗಿನಿಂದ ದಿನವೂ ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುವವರು. ಕೊರಳಲ್ಲಿ ಲಿಂಗ, ಹೆಗಲ ಚೀಲದಲ್ಲಿ ಹೆಂಡತಿ ಕಟ್ಟಿಕೊಟ್ಟ ಜೋಳದ ರೊಟ್ಟಿ. ನನಗೆ ಉಳಿ ಹಿಡಿಯುವುದನ್ನು ಕಲಿಸಿದವರು ಅವರು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ನನ್ನ ಹೆಸರಿಗೆ ಬಂತು, ಕೆಲಸ ಮಾತ್ರ ಅವರ ಕೈಯಲ್ಲೇ ಉಳಿಯಿತು. ಅಕ್ಕನ ತವರುಮನೆಯ ಬಾಗಿಲು ಮಾಡಿದವರೂ ಅವರೇ. ಅಕ್ಕ ಆಗ ಲಂಗ ತೊಡುವ ಹುಡುಗಿ, ಪಕ್ಕದಲ್ಲಿ ಕೂತು ಸುರುಳಿ ಸುರುಳಿ ಸಿಪ್ಪೆ ಆರಿಸಿಕೊಳ್ಳುತ್ತಿದ್ದಳಂತೆ. ಸಿರುಗುಪ್ಪದ ಆ ಮನೆಯ ಹಳೆಯ ಉಗ್ರಾಣವನ್ನು ಕೆಡವಿದಾಗ ತೇಗದ ತೊಲೆಗಳನ್ನು ಮಾರಲು ಅಕ್ಕನಿಗೆ ಮನಸ್ಸು ಬರಲಿಲ್ಲ. “ನಮ್ಮಪ್ಪನ ಮನಿ ಕಟಿಗಿ ನನ್ನ ಕಾಟೇಜಿನ್ಯಾಗ ಇರ್ಲಿ. ಮೇಸ್ತ್ರಿ ಕೈಲೇ ಆಗ್ಲಿ,” ಎಂದು ಲಾರಿ ತುಂಬಿಸಿ ಕೌಲ್ ಬಜಾರಿಗೆ ಕಳಿಸಿದ್ದರು.

ನಾವು ಅವನ್ನು ಕೊಯ್ದು ಕದ ಕೂಡಿಸಿದ್ದು ಕಡುಬೇಸಿಗೆಯಲ್ಲಿ. ಬಳ್ಳಾರಿಯ ಬಿಸಿಲಿಗೆ ಕಟ್ಟಿಗೆ ಹಪ್ಪಳದಂತೆ ಒಣಗಿರುತ್ತದೆ. ಕದಕ್ಕೂ ಚೌಕಟ್ಟಿಗೂ ನಡುವೆ ಒಂದು ರೂಪಾಯಿ ನಾಣ್ಯ ಹಿಡಿಯುವಷ್ಟು ಸಂದು ಬಿಡುವುದು ಮೇಸ್ತ್ರಿಯ ಪದ್ಧತಿ. ಇಲ್ಲಿ ಅದು ಎಂದೂ ತಪ್ಪಿರಲಿಲ್ಲ. ಕಡಲ ದಂಡೆಯ ಮಳೆಗಾಲದ ಗಾಳಿಯನ್ನು ಕಟ್ಟಿಗೆ ಎಷ್ಟು ಕುಡಿಯುತ್ತದೆ ಎನ್ನುವುದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಕದದ ಎರಡೂ ಮೈಗೆ ಪಾಲಿಶ್ ಹೊಡೆದಿದ್ದೆವು. ನಾಲ್ಕು ಅಂಚುಗಳನ್ನು ಏನೂ ಬಳಿಯದೆ ಬಿಟ್ಟಿದ್ದೆವು. ಕಟ್ಟಿಗೆ ನೀರು ಕುಡಿಯುವುದೇ ಅಂಚಿನಿಂದ.

ಸ್ವಲ್ಪ ಹೊತ್ತಿನ ಮೇಲೆ ಮೇಸ್ತ್ರಿ ಒಳಗೆ ಬಂದರು. “ಲೇ ತಮ್ಮಾ, ನಾನು ಮಾಡಿದ ಬಾಗ್ಲಾ ಒದ್ದು ತೆಗ್ಯಾಕತ್ಯಾರಂತ,” ಎಂದರು. “ನಡಿ, ಹೋಗೂಣು.”

ನಾನೊಬ್ಬನೇ ಹೋಗಿ ಬರುತ್ತೇನೆ ಎಂದೆ. ಕೇಳಲಿಲ್ಲ. ಅವರ ಹೆಂಡತಿ ನನಗೆ ಫೋನು ಮಾಡಿ, ಎಡಗೈ ಸೆಳೀತೈತಿ ಅಂತ ರಾತ್ರಿ ಎದ್ದು ಕುಂದರ್ತಾನ, ಅಷ್ಟು ದೂರ ಬ್ಯಾಡ ಅಂತ ಹೇಳು ಎಂದರು. ಹೇಳಿದೆ. “ಎಡಗೈ ಸೆಳದ್ರ ಬಲಗೈಲೇ ಕೀಸ್ತೀನಿ,” ಎಂದು ಕೀಸುಳಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಆ ಊರಿಗೆ ನಾವು ಮುಟ್ಟಿದಾಗ ಮಳೆ ಹಿಡಿದಿತ್ತು. ಕಾಟೇಜುಗಳು ತೆಂಗಿನ ಮರಗಳ ನಡುವೆ ಒಂದರ ಪಕ್ಕ ಒಂದು. ಎದುರಿಗೆ ಮರಳು, ಮರಳಿನ ಮೇಲೆ ಎಳೆದಿಟ್ಟ ದೋಣಿಗಳು, ಅದರಾಚೆ ಕಂದು ಬಣ್ಣದ ಕಡಲು. ಊರೆಲ್ಲ ಒಣಮೀನಿನ ವಾಸನೆ. ಮೇಸ್ತ್ರಿ ಹುಟ್ಟಿದಾಗಿನಿಂದ ಮೀನು ಮುಟ್ಟಿದವರಲ್ಲ. ಮೊದಲ ದಿನ ಊಟಕ್ಕೆ ಕೂತು, ಮೂಗಿಗೆ ಟವೆಲು ಒತ್ತಿಕೊಂಡು, ಒಂದು ಕೈಯಲ್ಲೇ ರೊಟ್ಟಿ ಮುರಿದು ತಿಂದರು. ಕಡಲನ್ನು ನೋಡಿ ಅವರು ಹೇಳಿದ್ದು ಇಷ್ಟೇ: “ಇದಕ್ಕ ಸುಮ್ಮಕಿರಾಕ ಬರೂದಿಲ್ಲೇನು?”

ಕೆಲಸ ನಾವು ಅಂದುಕೊಂಡಷ್ಟು ಸರಳವಾಗಿರಲಿಲ್ಲ. ಕದವನ್ನು ಬಿಜಾಗ್ರಿಯಿಂದ ಬಿಡಿಸಿ, ಎಲ್ಲಿ ಉಜ್ಜುತ್ತದೆ ಎಂದು ಗುರುತು ಹಾಕಿ, ಚಿಲಕದ ಕಡೆಯ ಅಂಚನ್ನು ಕೀಸಿ ಮತ್ತೆ ಏರಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಮೇಸ್ತ್ರಿ ತಡೆದರು. ಉಬ್ಬಿದ ಕದವನ್ನು ಉಬ್ಬಿದ್ದಕ್ಕೇ ಸರಿಯಾಗಿ ಕೀಸಿದರೆ, ಮಳೆ ನಿಂತು ಗಾಳಿ ಒಣಗಿದಾಗ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಕಡಿಮೆ ಕೀಸಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಹಿಡಿಯುತ್ತದೆ. ಇಲ್ಲಿ ಕಟ್ಟಿಗೆ ಎಷ್ಟು ಉಬ್ಬುತ್ತದೆ, ಎಷ್ಟು ಕುಗ್ಗುತ್ತದೆ ಎಂದು ಇಲ್ಲಿಯವರನ್ನೇ ಕೇಳಬೇಕು.

ಕಾಟೇಜಿಗೆ ಅಂಟಿಕೊಂಡೇ ಒಂದು ಮೀನುಗಾರರ ಮನೆ. ಗಂಡ ಮೊದಲು ದೋಣಿಗೆ ಹೋಗುತ್ತಿದ್ದ. ಈಗ ಮೀನು ಸಾಗಿಸುವ ಟೆಂಪೊ ಓಡಿಸುತ್ತಿದ್ದ. ಹೆಂಡತಿ ಬುಟ್ಟಿ ಹೊತ್ತು ಮೀನು ಮಾರುವವಳು. ಮೇಸ್ತ್ರಿ ಅವನ ಹತ್ತಿರ ಹೋಗಿ ದೋಣಿಯ ಹಲಗೆಗಳ ಬಗ್ಗೆ ವಿಚಾರಿಸಿದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ಗೊತ್ತಾಗುತ್ತಿತ್ತು, ಉಳಿದರ್ಧಕ್ಕೆ ಕೈಸನ್ನೆ.

“ನಮ್ಗೆ ಹಲ್ಗೆ ಉಬ್ಕ್ ಮಾರಾಯ್ರೆ,” ಎಂದ ಅವನು. “ಉಬ್ರೇ ಸಂದ್ ಮುಚ್ಚೂದ್, ನೀರ್ ಒಳ್ಗ್ ಬಪ್ಪುದಿಲ್ಲ. ನೀವ್ ಉಬ್ಬುಕಾಗ ಅಂತ್ರಿ!”

ದೋಣಿಯ ಹಲಗೆ ಉಬ್ಬಲೇಬೇಕು, ನಮ್ಮ ಕದ ಉಬ್ಬಬಾರದು: ಮೇಸ್ತ್ರಿಗೆ ಆ ಮಾತು ಬಹಳ ಹಿಡಿಸಿತು. ಸಂಜೆಯವರೆಗೂ ಅದನ್ನೇ ಹೇಳಿಕೊಂಡು ನಗುತ್ತಿದ್ದರು. ಅವನ ಹಳೆಯ ದೋಣಿಯೊಂದು ಒಣಗಲು ಮಗುಚಿ ಬಿದ್ದಿತ್ತು. ಅದರ ಹಲಗೆಗಳ ಸಂದನ್ನು ಅಳೆದು, ನೀರಲ್ಲಿದ್ದ ದೋಣಿಯೊಂದರ ಸಂದನ್ನು ನೋಡಿ, ನಮ್ಮ ಕದಕ್ಕೆ ಎಷ್ಟು ಬಿಡಬೇಕೆಂದು ಲೆಕ್ಕ ಹಾಕಿದರು. ಅಂಚುಗಳಿಗೆ ಸೀಲರ್ ಮೂರು ಸಲ ಬಳಿಯಬೇಕು, ಒಂದು ಕೋಟು ಒಣಗದೆ ಇನ್ನೊಂದು ಹೊಡೆಯಬಾರದು ಎಂದು ತೀರ್ಮಾನವಾಯಿತು. ಮಳೆಯಲ್ಲಿ ಸೀಲರ್ ಒಣಗುವುದೇ ಇಲ್ಲ. ಒಂದು ಕಾಟೇಜನ್ನೇ ಒಣಗಿಸುವ ಕೋಣೆ ಮಾಡಿಕೊಂಡು, ಕಿಟಕಿ ಬಿಗಿದು, ದೊಡ್ಡ ಬಲ್ಬುಗಳನ್ನು ಹಚ್ಚಿ ಕದಗಳನ್ನು ಒರಗಿಸಿ ನಿಲ್ಲಿಸಿದೆವು. ಒಮ್ಮೆ ಕರೆಂಟು ಹೋಗಿ, ಮೊದಲೆರಡು ಕದಗಳ ಸೀಲರ್ ಬೆಳ್ಳಗೆ ಹಾಲಿನಂತೆ ತೇಲಿತು. ಉಜ್ಜಿ ತೆಗೆದು ಮೊದಲಿಂದ ಶುರು ಮಾಡಬೇಕಾಯಿತು.

ಆ ಬಿಡುವಿನಲ್ಲಿ ಮೇಸ್ತ್ರಿ ಮೀನಿನ ಹೆಂಗಸಿನ ಮೆಟ್ಟುಕತ್ತಿಯ ಮಣೆ ರಿಪೇರಿ ಮಾಡಿಕೊಟ್ಟರು. ಮಣೆಯ ಕಾಲು ಮುರಿದು, ಅವಳು ಕಲ್ಲು ಕೊಟ್ಟು ಕೂತು ಮೀನು ಕೊಯ್ಯುತ್ತಿದ್ದಳು. ಮೂಗಿಗೆ ಟವೆಲು ಸುತ್ತಿಕೊಂಡು ಆ ಮಣೆಯನ್ನು ಕೀಸಿ ಹೊಸ ಕಾಲು ಕೂಡಿಸುವುದನ್ನು ನೋಡಿ ಅವಳು ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಹಿಡಿದು ನಕ್ಕಳು. ಮರುದಿನದಿಂದ ನಮ್ಮ ಅಂಗಳದ ಮುಂದೆ ಮೀನು ಒಣಹಾಕುವುದನ್ನು ಬಿಟ್ಟಳು. ನಾವು ಕೇಳಿರಲಿಲ್ಲ.

ಎರಡು ಕಾಟೇಜಿನ ಕೆಲಸ ಮುಗಿದ ಹೊತ್ತಿಗೆ ಮೇಸ್ತ್ರಿಯ ಉಸಿರು ಏರತೊಡಗಿತು. ನಾಲ್ಕು ಸಲ ಕೀಸುಳಿ ಎಳೆದರೆ ಒಮ್ಮೆ ನಿಲ್ಲುತ್ತಿದ್ದರು. ಗ್ಯಾಸು ಎಂದರು. ನಾನು ಮತ್ತು ಅಕ್ಕ ಬಿಡದೆ ಕಾರಿನಲ್ಲಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಎದೆಯ ಇಸಿಜಿ ಪಟ್ಟಿ ತೆಗೆಸಿ ನೋಡಿ, ಗುಳಿಗೆ ಕೊಟ್ಟು, ದೊಡ್ಡಾಸ್ಪತ್ರೆಗೆ ಈಗಲೇ ಹೋಗಿ ಎಂದರು. ಮೇಸ್ತ್ರಿ ಕುರ್ಚಿಯಿಂದ ಎದ್ದೇಬಿಟ್ಟರು. ಹೊರಗೆ ಬಂದ ಮೇಲೆ ಜಗಳವಾಯಿತು.

“ಬಳ್ಳಾರಿಗೆ ಹೋಗಿ ನೋಡಸ್ತೀನಿ. ಇಲ್ಲಿ ಯಾರ ಅದಾರ ನಮಗ?”

“ನಾನಿಲ್ಲೇನು? ಬರ್ರಿ, ಹಠ ಮಾಡಬ್ಯಾಡ್ರಿ,” ಎಂದೆ.

“ಇವತ್ತು ಬ್ಯಾಡ. ಮೈ ಸೋತೈತಿ. ನಾಳೆ ಮುಂಜಾನೆ ಎಲ್ಲಿಗೆ ಒಯ್ತೀ ಒಯ್ಯಿ. ಆಣಿ ಮಾಡಿ ಹೇಳ್ತೀನಿ, ಬರ್ತೀನಿ.”

ಅಕ್ಕ ಮರುದಿನ ಬೆಳಿಗ್ಗೆಗೆ ಕಾರು ಹೇಳಿದರು. ತೋರಿಸಿಕೊಂಡು ಬರುವತನಕ ಕೀಸುಳಿ ಮುಟ್ಟುವುದಿಲ್ಲ ಎಂದು ಮೇಸ್ತ್ರಿ ನನಗೆ ಮಾತು ಕೊಟ್ಟರು, ಅಂದು ಮತ್ತೆ ಮುಟ್ಟಲೂ ಇಲ್ಲ. ಹೆಂಡತಿಗೆ ಫೋನು ಮಾಡಿ, ದವಾಖಾನಿಗೆ ಹೊಂಟೀನಿ, ಸುಮ್ನ ತೋರಿಸಿಕೊಂಡು ಬರಾಕ ಎಂದು ಬಹಳ ಹೊತ್ತು ಮಾತಾಡಿದರು. ಬೇಗ ಮಲಗಿದರು.

ಬೆಳಗಾದಾಗ ಮಳೆ ನಿಂತು ಆಕಾಶ ತಿಳಿಯಾಗಿತ್ತು. ನಾನು ಏಳುವಷ್ಟರಲ್ಲಿ ಅವರು ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಹೊರಡಲು ಬಿಳಿ ಅಂಗಿ ತೊಟ್ಟು ಸಿದ್ಧರಾಗಿದ್ದರು. ಕಾರು ಬರುವತನಕ ಎಂದು ಮೂರನೇ ಕಾಟೇಜಿನ ಜಗಲಿಗೆ ಹೋಗಿ, ನಾವು ಬಿಚ್ಚಿ ಅಡ್ಡಲಾಗಿ ನಿಲ್ಲಿಸಿದ್ದ ಕದದ ಪಕ್ಕ ಕೂತಿದ್ದರು. ನಾನು ಚಹಾ ತೆಗೆದುಕೊಂಡು ಹೋದೆ. ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಚಹಾ ಕೆಳಗಿಟ್ಟು ಕರೆದೆ. ಮತ್ತೊಮ್ಮೆ ಕರೆದೆ. ಕೈ ಮುಟ್ಟಿದಾಗ ಗೊತ್ತಾಯಿತು.

ಅಕ್ಕ ಹೇಳಿದ್ದ ಕಾರು ಬಂತು. ಆಸ್ಪತ್ರೆಗೆ ಒಯ್ದೆವು. ಹಿಂದಿನ ದಿನ ನೋಡಿದ ಡಾಕ್ಟರೇ ಇದ್ದರು. ಪಟ್ಟಿ ತೆಗೆದು, ಕನ್ನಡಕ ಬಿಚ್ಚಿ, ನನ್ನ ಹೆಗಲ ಮೇಲೆ ಕೈಯಿಟ್ಟರು. ಕಾಗದ ಪತ್ರ ಅಲ್ಲೇ ಆಯಿತು.

ಕುರುಗೋಡಿಗೆ ಫೋನು ಮಾಡಬೇಕಿತ್ತು. ಆಸ್ಪತ್ರೆಯ ಹಿಂದೆ ಒಂದು ಮಾವಿನ ಮರವಿತ್ತು, ಅದರ ಕೆಳಗೆ ನಿಂತು ಮಾಡಿದೆ. ಎತ್ತಿದ ಮೇಸ್ತ್ರಿಯ ಹೆಂಡತಿಗೆ ಹೇಳಿದೆ. ಆಮೇಲೆ ಫೋನು ಬಿದ್ದ ಸದ್ದು, ಅಳು, ಯಾರೋ ಓಡಿ ಬಂದದ್ದು. ಕಡಿದುಹೋಯಿತು. ನಾನು ಮರದಡಿಯೇ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಅವರೇ ತಿರುಗಿ ಮಾಡಿದರು. ಧ್ವನಿ ಗಟ್ಟಿಯಾಗಿತ್ತು.

“ಕುಂತಾನೋ, ಮಲಗ್ಯಾನೋ?”

ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಮಲಗಿಸಿದ್ದಾರೆ ಎಂದೆ.

“ಮಲಗಿಸಿ ತರಬ್ಯಾಡಪ್ಪಾ. ನಮ್ಮವರು ಕುಂತು ಹೋಗಬೇಕು. ಮೈ ಬಿಗಿಯಾತಂದ್ರ ಕಾಲು ಮಡಚಾಕ ಬರೂದಿಲ್ಲ. ಇಲ್ಲಿ ತಂದ ಮ್ಯಾಲ ಮುರದು ಕುಂದ್ರಸ್ತಾರ. ಅವನ ಮೈ ಮುರಿಯೂದು ನಾ ನೋಡಲಾರೆ. ಅಲ್ಲೇ ಕುಂದ್ರಸು. ಚಕ್ಕಳಮಕ್ಕಳ ಹಾಕಿಸಿ ಕುಂದ್ರಸಿ ಕರಕೊಂಡು ಬಾ.”

ನಮ್ಮ ಮುಸಲ್ಮಾನರಲ್ಲಿ ಮಯ್ಯತ್ತನ್ನು ಮಲಗಿಸಿಯೇ ಒಯ್ಯುತ್ತೇವೆ. ಅವರಲ್ಲಿ ಕೂರಿಸಿ ಹೂಳುತ್ತಾರೆ ಎಂದು ಕೇಳಿದ್ದೆ, ಕೂರಿಸುವುದನ್ನು ಕಣ್ಣಾರೆ ಕಂಡವನಲ್ಲ. ಎಷ್ಟು ಹೊತ್ತು ಸಿಗುತ್ತದೆ ಎಂದು ನರ್ಸನ್ನು ಕೇಳಿದೆ. ಕುತ್ತಿಗೆ ಆಗಲೇ ಬಿಗಿಯುತ್ತ ಬರ್ತದೆ, ಕಾಲು ಕೊನೆಗೆ, ಬೇಗ ಮಾಡಿ ಎಂದಳು.

ಕಾರಿನಲ್ಲೇ ಕಾಟೇಜಿಗೆ ಮರಳಿ ಕರೆತಂದೆವು. ಮೀನಿನವನು, ಅಕ್ಕನ ಗಂಡ, ನಾನು ಸೇರಿ ಜಗಲಿಯಲ್ಲಿ ಕೂರಿಸಿದೆವು. ಮೇಸ್ತ್ರಿಯ ಹೆಂಡತಿ ಫೋನಿನಲ್ಲೇ ಹೇಳುತ್ತಾ ಹೋದರು: ಕಾಲು ಹಿಂಗ ಮಡಚು, ಕೈ ತೊಡಿ ಮ್ಯಾಲ ಇಡು, ಎಡಗೈ ಅಂಗೈಯಾಗ ಲಿಂಗ ಇಡು, ಗದ್ದಕ್ಕೊಂದು ಅರಿವಿ ಕಟ್ಟು. ಅವರದೇ ಧೋತರದಿಂದ ಜಗಲಿಯ ಕಂಬಕ್ಕೆ ಎದೆಯನ್ನೂ ಹಣೆಯನ್ನೂ ಕಟ್ಟಿದೆವು. ಕಂಬಕ್ಕೆ ಕಟ್ಟಿದ್ದಾಯಿತು. ಆದರೆ ಕಂಬವನ್ನು ಕುರುಗೋಡಿಗೆ ಒಯ್ಯುವುದು ಹೇಗೆ?

ಆಂಬುಲೆನ್ಸ್ ಬಂತು. ಡ್ರೈವರು ನೋಡಿದ. ಒಳಗೆ ಸ್ಟ್ರೆಚರು ನೆಲಕ್ಕೆ ಬಿಗಿದಿದೆ, ಕೂತವರಿಗೆ ಜಾಗವಿಲ್ಲ, ಮಲಗಿಸುವುದಾದರೆ ಬರುತ್ತೇನೆ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅಕ್ಕನ ಗಂಡ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು, “ಅಷ್ಟು ದೂರ, ಘಟ್ಟದ ದಾರಿ. ಮಲಗಿಸಿಕೊಂಡೇ ಹೋದರೆ ಆಗುವುದಿಲ್ಲವೇ?” ನಾನು ಕಂಬಕ್ಕೆ ಒರಗಿ ಕೂತ ಮೇಸ್ತ್ರಿಯನ್ನು ನೋಡಿದೆ. ಕಣ್ಣು ಮುಚ್ಚಿ, ಕೆಲಸದ ನಡುವೆ ಒಂದು ಗಳಿಗೆ ದಣಿವಾರಿಸಿಕೊಳ್ಳುವಂತಿದ್ದರು. ಆಂಬುಲೆನ್ಸನ್ನು ವಾಪಸ್ಸು ಕಳಿಸಿ ಎಂದೆ. ಕೂರಿಸಿ ಒಯ್ಯಲು ಪೀಠ ನಾನು ಮಾಡುತ್ತೇನೆ ಎಂದೆ.

ಆಗ ಮೀನಿನವನು ಹಿಂದಿನಿಂದ ಹೇಳಿದ, “ನನ್ ಟೆಂಪೊ ಇತ್ತಲೆ. ಮೇಲ್ ಎತ್ರ ಇತ್ತ್.” ಹೇಳಿ ತಾನೇ ಅಳುಕಿದ. “ಆರೆ ಅದ್ ಮೀನಿನ್ ಗಾಡಿ. ಅವ್ರಿಗೆ ಆತಿಲ್ಲ ಅಲ್ದಾ?”

ಮೂಗಿಗೆ ಟವೆಲು ಒತ್ತಿಕೊಂಡ ಮೇಸ್ತ್ರಿ ಎಲ್ಲರ ಕಣ್ಣ ಮುಂದೆ ಬಂದಿರಬೇಕು. ಅವನ ಹೆಂಡತಿ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಟೆಂಪೊದ ಕಡೆಯಿಂದ ನೀರು ಸುರಿಯುವ, ಪೊರಕೆ ಉಜ್ಜುವ ಸದ್ದು ಬರತೊಡಗಿತು.

ನನ್ನ ಕೆಲಸ ಶುರುವಾಯಿತು. ಚಕ್ಕಳಮಕ್ಕಳ ಹಾಕಿ ಕೂತವರ ಮಂಡಿಯಿಂದ ಮಂಡಿಗೆ ಅಳತೆ ತೆಗೆದೆ. ಅವರ ಮೈಗೆ ಟೇಪು ಹಿಡಿದದ್ದು ಅದೇ ಮೊದಲು. ಕೆಳಗೆ ಅಗಲವಾದ ಹಲಗೆ, ಅದಕ್ಕೆ ಹಿಂದೆ ಎತ್ತರದ ಬೆನ್ನು, ಬೆನ್ನು ತುಸು ಹಿಂದಕ್ಕೆ ವಾಲಬೇಕು, ನೇರ ನಿಂತರೆ ತಲೆ ಮುಂದಕ್ಕೆ ಬೀಳುತ್ತದೆ. ಎರಡು ಪಕ್ಕಕ್ಕೆ ತೋಳು, ಕೆಳಗೆ ಉದ್ದಕ್ಕೆ ಎರಡು ಗಳು, ನಾಲ್ಕು ಜನ ಎತ್ತುವುದಕ್ಕೆ. ಕೂರುವ ಹಲಗೆಗೂ ತೋಳಿಗೂ ಸಾಕಾಗುವಷ್ಟು ತುಂಡುಗಳಿದ್ದವು. ಬೆನ್ನಿಗೆ ಬೇಕಾದಷ್ಟು ಉದ್ದದ ಹಲಗೆ ಮಾತ್ರ ಇರಲಿಲ್ಲ. ಪ್ಲೈವುಡ್ ತರಿಸಲು ಪೇಟೆ ದೂರ, ಹೊತ್ತು ಮೀರುತ್ತಿತ್ತು.

ಎರಡನೇ ಕಾಟೇಜಿನ ಮುಂಬಾಗಿಲು ಮೇಸ್ತ್ರಿ ಪೂರ್ತಿ ಮುಗಿಸಿ ಏರಿಸಿದ್ದ ಕದ. ಒಂದು ಬೆರಳಿನಿಂದ ತಳ್ಳಿದರೆ ಸದ್ದಿಲ್ಲದೆ ಮುಚ್ಚುತ್ತಿತ್ತು. ನಾನು ಅದರ ಮುಂದೆ ನಿಂತದ್ದನ್ನು ಅಕ್ಕ ನೋಡಿದರು.

“ತಗೊಳ್ರಿ,” ಎಂದರು.

“ಅಕ್ಕಾ, ಇದು ನಿಮ್ಮಪ್ಪನ ಮನಿ ಕಟಿಗಿ...”

“ಗೊತ್ತೈತಿ. ತಗೊಳ್ರಿ. ಅದಕ್ಕಿಂತ ಛಲೋ ಕೆಲಸ ಏನೈತಿ ಅದಕ್ಕ?” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ತಾವೇ ಕದದ ಕೆಳಗಿನ ಅಂಚು ಹಿಡಿದು ನಿಂತರು. ನಾನು ಬಿಜಾಗ್ರಿಯ ತಿರುಪು ಬಿಚ್ಚಿದೆ.

ಬೇರೆ ದಿನವಾಗಿದ್ದರೆ ಗೂಡು ಕೊರೆದು ಕಚ್ಚು ಕೂಡಿಸುತ್ತಿದ್ದೆ. ಅಂದು ಹಲಗೆಗಳು ಕೂಡುವ ಕಡೆ ಅರ್ಧರ್ಧ ದಪ್ಪ ಕೊಯ್ದು ಒಂದರ ಮೇಲೊಂದು ಕೂರಿಸಿ ಉದ್ದ ತಿರುಪು ಹೊಡೆದೆ. ಬೆನ್ನಿಗೆ ಹಿಂದಿನಿಂದ ಎರಡು ಓರೆ ಆಸರೆ ಕೊಟ್ಟೆ. ಹಗ್ಗ ತೂರಲು ಎದೆಯ ಮಟ್ಟಕ್ಕೆ, ಸೊಂಟದ ಮಟ್ಟಕ್ಕೆ, ಮಂಡಿಯ ಎರಡು ಕಡೆ ತೂತು ಕೊರೆದೆ. ಅಂಚುಗಳನ್ನು ಉಜ್ಜಿ ನುಣುಪು ಮಾಡಿದೆ. ಒರಟು ಅಂಚು ಬಿಟ್ಟ ಕೆಲಸವನ್ನು ಅವರು ಕೈಯಿಂದ ಕಿತ್ತುಕೊಂಡು ವಾಪಸ್ಸು ಕೊಡುತ್ತಿದ್ದರು.

ಪೀಠದ ಮೇಲೆ ಕೂರಿಸಿದಾಗ ಕಾಲುಗಳು ಹಾಗೇ ಮಡಚಿ ನಿಂತಿದ್ದವು. ಹಗ್ಗ ಕಟ್ಟಲು ನಾನು ಹೋದೆ. ಮೀನಿನವನು ನನ್ನ ಗಂಟು ನೋಡಿ, ಮೆಲ್ಲಗೆ ಬಿಚ್ಚಿ, ತನ್ನ ಹೊಸ ನೈಲಾನ್ ಹಗ್ಗ ತಂದ. “ಘಟ್ಟದ್ ತಿರುವಂಗೆ ಅದ್ ಜಾರತ್ತ್. ಇದ್ ಎಳ್ದಷ್ಟೂ ಕಚ್ಚತ್ತ್,” ಎಂದು, ಹಗ್ಗದ ಕೆಳಗೆ ಹತ್ತಿ ಬಟ್ಟೆ ಮಡಚಿ ಕೊಟ್ಟು, ಮೈಗೆ ಎಲ್ಲೂ ಒತ್ತದ ಹಾಗೆ ಕಟ್ಟಿದ.

ಟೆಂಪೊವನ್ನು ಅವನ ಹೆಂಡತಿ ಹುಣಸೆಹಣ್ಣು, ಸೋಪು, ಕೊನೆಗೆ ಅರಿಶಿನ ನೀರು ಹಾಕಿ ತೊಳೆದಿದ್ದಳು. ನೆಲಕ್ಕೆ ತೆಂಗಿನ ಹೊಸ ಚಾಪೆ ಹಾಸಿತ್ತು. ಐಸ್ ಬೇಕೇ ಬೇಕಿತ್ತು. ಆ ಊರಿನಲ್ಲಿ ಐಸಿಗೆ ಬರವಿಲ್ಲ. ಆದರೆ ಅವಳು ದಂಡೆಯ ಮೇಲಿದ್ದ ಒಂದು ತುಂಡನ್ನೂ ತರಗೊಡಲಿಲ್ಲ. ಐಸ್ ಫ್ಯಾಕ್ಟರಿಗೇ ಹೋಗಿ, ಹೊಸ ಡಬ್ಬಿಗಳಲ್ಲಿ ತುಂಬಿಸಿಕೊಂಡು ಬಂದು ಪೀಠದ ಸುತ್ತ ಜೋಡಿಸಿದಳು. “ಮೀನ್ ಮುಟ್ಟದ್ ಐಸ್ ಇದ್,” ಎಂದು ನನಗಲ್ಲ, ಮೇಸ್ತ್ರಿಗೆ ಹೇಳಿದಳು. “ಹೇಸ್ಕಣ್ಬೇಡಿ.”

ಅಂದು ಆ ದಂಡೆಯಿಂದ ದೋಣಿಗಳು ಹೊರಡಲಿಲ್ಲ.

ಗಂಡ ಟೆಂಪೊ ಓಡಿಸಿದ. ನಾನು ಹಿಂದೆ ಮೇಸ್ತ್ರಿಯ ಎದುರಿಗೆ ಕೂತೆ. ಘಟ್ಟದ ತಿರುವುಗಳಲ್ಲಿ ಎದ್ದು ನಿಂತು ಎರಡೂ ಕೈಯಿಂದ ತಲೆ ಹಿಡಿದುಕೊಳ್ಳುತ್ತಿದ್ದೆ. ಹಗ್ಗ ಸಡಿಲವಾಗಲಿಲ್ಲ. ಘಟ್ಟ ಹತ್ತಿ ಬಯಲುಸೀಮೆಗೆ ಬಂದ ಮೇಲೆ, ದಾರಿಯಲ್ಲಿ ಮತ್ತೆ ಹಿಡಿದಿದ್ದ ಮಳೆ ಹಿಂದಕ್ಕುಳಿಯಿತು, ಬಿಸಿಲು ಬಂತು. ಒದ್ದೆಯಾಗಿದ್ದ ಟಾರ್ಪಾಲು ಒಣಗಿ ಪಟಪಟ ಎನ್ನತೊಡಗಿತು. ಪೀಠದ ಹಿಂದಿನ ಕದಕ್ಕೆ ಕೈ ಆನಿಸಿಕೊಂಡು ನಾನು ಅತ್ತೆ. ಬೆಳಗಿನಿಂದ ಅದಕ್ಕೆ ಪುರಸೊತ್ತು ಸಿಕ್ಕಿರಲಿಲ್ಲ.

ಕತ್ತಲಾಗುತ್ತ ಬಂದಾಗ ಕುರುಗೋಡಿನ ಬಂಡೆಗುಡ್ಡ ಕಾಣಿಸಿತು. ಮನೆಯ ಮುಂದೆ ಜನ ನೆರೆದಿದ್ದರು. ಟಾರ್ಪಾಲು ಎತ್ತಿದೆ. ಮೇಸ್ತ್ರಿಯ ಹೆಂಡತಿ ಮುಂದೆ ಬಂದರು. ಮುಖ ನೋಡಿದರು, ಮಡಚಿದ ಕಾಲು ನೋಡಿದರು, ಅಂಗೈಯಲ್ಲಿದ್ದ ಲಿಂಗ ಮುಟ್ಟಿ ನೋಡಿದರು.

“ಹೆಂಗ ಹೋಗಿದ್ದನೋ ಹಂಗೇ ಬಂದಾನ,” ಎಂದರು. ಆಮೇಲೆ ಪೀಠದ ತೋಳಿಗೆ ಹಣೆ ಹಚ್ಚಿ, ಅಷ್ಟು ಹೊತ್ತು ತಡೆದದ್ದನ್ನೆಲ್ಲ ಬಿಟ್ಟರು.

ಮರುದಿನ ಗುಡ್ಡದ ಬದಿಯ ಹೊಲದಲ್ಲಿ ಕುಣಿ ತೋಡಿದ್ದರು. ಕುಣಿಯ ಒಳಗೆ ಒಂದು ಬದಿಗೆ ಗೂಡು, ಅದರಲ್ಲಿ ಅವರನ್ನು ಕೂರಿಸಬೇಕು. ವಿಭೂತಿ, ಬಿಲ್ವಪತ್ರೆ, ಸ್ವಾಮಿಗಳ ಮಂತ್ರ ಎಲ್ಲ ಆಯಿತು. ಪೀಠದಿಂದ ಬಿಡಿಸುವ ಹೊತ್ತಿಗೆ ಹಗ್ಗದ ಗಂಟು ಯಾರಿಂದಲೂ ಬಿಚ್ಚಲಾಗಲಿಲ್ಲ. ಎಳೆದಷ್ಟೂ ಕಚ್ಚುತ್ತಿತ್ತು. ಯಾರೋ ಕುಡಗೋಲು ತನ್ನಿ ಎಂದರು.

“ಕುಡಗೋಲು ಯಾಕ? ಕಟ್ಟಿದವ ಎಲ್ಲದಾನ?” ಎಂದರು ಮೇಸ್ತ್ರಿಯ ಹೆಂಡತಿ.

ಮೀನಿನವನು ದೂರದ ಜಾಲಿಗಿಡದ ಕೆಳಗೆ ನಿಂತಿದ್ದ. ರಾತ್ರಿಯೂ ಅವನು ಮನೆಯೊಳಗೆ ಬಂದಿರಲಿಲ್ಲ, ಟೆಂಪೊದಲ್ಲೇ ಮಲಗಿದ್ದ. ನಾನು ಹೋಗಿ ಕರೆದೆ. “ಮೈ ಮೀನ್ ನಾತ ಬತ್ತ್,” ಎಂದು ಹಿಂಜರಿದ. ಮೇಸ್ತ್ರಿಯ ಹೆಂಡತಿಗೆ ಅದು ಕೇಳಿಸಿತು.

“ಬಾರಪ್ಪಾ. ನೀ ಹಿಡದು ಕಟ್ಟಿದ್ದಕ್ಕ ಅವ ಬಂದು ಮುಟ್ಟ್ಯಾನ. ನೀನೇ ಬಿಚ್ಚಬೇಕು.”

ಅವನು ಚಪ್ಪಲಿ ಬಿಟ್ಟು ಬಂದು ಮಣ್ಣಿನ ಮೇಲೆ ಮಂಡಿಯೂರಿದ. ಹಗ್ಗದ ಗಿಡ್ಡ ತುದಿಯನ್ನು ಎರಡು ಬೆರಳಿನಿಂದ ಹಿಂದಕ್ಕೆ ಒತ್ತಿದ. ಗಂಟು ಒಮ್ಮೆಲೇ ಸಡಿಲವಾಯಿತು. ಒಂದೊಂದಾಗಿ ಬಿಚ್ಚುತ್ತ ಹೋದ. ಕೊನೆಯದು ಬಿಚ್ಚಿದಾಗ ಮೇಸ್ತ್ರಿಯ ಮೈ ಒಂದಿಷ್ಟೂ ವಾಲಲಿಲ್ಲ. ನಾನೂ ಅವನೂ ಇನ್ನಿಬ್ಬರೂ ಸೇರಿ ಎತ್ತಿ ಕುಣಿಯೊಳಗೆ ಇಳಿಸಿದೆವು.

ಪೀಠ ಅಲ್ಲೇ ಉಳಿಯಿತು. ಹೆಣ ಹೊತ್ತ ಕಟ್ಟಿಗೆಯನ್ನು ಊರೊಳಗೆ ತರುವುದಿಲ್ಲವಂತೆ. ತೇಗದ ಆ ಕದ ಹೊಲದ ಬದುವಿಗೆ ಒರಗಿ ನಿಂತದ್ದನ್ನು ನಾನು ಹೊರಳಿ ಹೊರಳಿ ನೋಡುತ್ತಿದ್ದೆ. ಮೇಸ್ತ್ರಿಯ ಹೆಂಡತಿ ನನ್ನ ತೋಳು ಹಿಡಿದು ಮನೆಯ ಕಡೆಗೆ ತಿರುಗಿಸಿದರು.

“ಅಲ್ಲಿ ಕೆಲಸ ಎಷ್ಟು ಉಳದೈತಿ?” ಎಂದು ದಾರಿಯಲ್ಲಿ ಕೇಳಿದರು.

“ಎರಡು ಕಾಟೇಜು ಉಳದಾವು ಅವ್ವಾ. ಮ್ಯಾಲ ಈ ಬಾಗ್ಲಾ ಹೊಸಾದು ಮಾಡಬೇಕು.”

“ಹೋಗಿ ಮುಗಸು. ಅರ್ಧಾ ಬಿಟ್ಟು ಬಂದಾನ ಅಂತ ಯಾರೂ ಅನಬಾರದು.”

ಉಗ್ರಾಣದ ತೊಲೆಗಳಲ್ಲಿ ಒಂದು ಇನ್ನೂ ಅಂಗಡಿಯ ಹಿಂದೆ ಇತ್ತು. ಅದನ್ನು ಕೊಯ್ದು ಒಬ್ಬನೇ ಹೊಸ ಕದ ಕೂಡಿಸಿದೆ. ಈ ಸಲ ಅಂಚುಗಳಿಗೆ ಇಲ್ಲೇ, ಬಳ್ಳಾರಿಯ ಬಿಸಿಲಿನಲ್ಲೇ ಸೀಲರ್ ಬಳಿದು ಒಣಗಿಸಿದೆ. ದಸರೆಗೆ ಇನ್ನು ಕೆಲವೇ ದಿನ ಇರುವಾಗ ಕಡಲ ದಂಡೆಯ ಆ ಊರಿಗೆ ಹೋದೆ.

ಮೂರನೇ ಕಾಟೇಜಿನ ಕದ ಜಗಲಿಯಲ್ಲಿ ನಾವು ಬಿಟ್ಟಂತೆಯೇ ಅಡ್ಡಲಾಗಿ ನಿಂತಿತ್ತು. ಹತ್ತಿರ ಹೋಗಿ ನೋಡಿದಾಗ ಅಂಚಿನ ಉದ್ದಕ್ಕೂ ಪೆನ್ಸಿಲ್ಲಿನ ಒಂದು ಗೆರೆ ಕಾಣಿಸಿತು. ಅವರು ತೀರಿಕೊಂಡ ಹಿಂದಿನ ದಿನ ಅದು ಇರಲಿಲ್ಲ. ಕಾರಿಗೆ ಕಾಯುತ್ತ ಕೂತಿದ್ದಾಗ, ಕೀಸುಳಿ ಮುಟ್ಟುವುದಿಲ್ಲ ಎಂದು ನನಗೆ ಮಾತು ಕೊಟ್ಟದ್ದಕ್ಕೆ, ಗೆರೆಯಷ್ಟೇ ಎಳೆದಿಟ್ಟಿರಬೇಕು. ನೇರವಾಗಿತ್ತು. ಕೊನೆಯಲ್ಲೂ ನಡುಗಿರಲಿಲ್ಲ.

ನಾನು ಕೀಸತೊಡಗಿದೆ. ಮೀನಿನ ಹೆಂಗಸು ಬುಟ್ಟಿ ಇಳಿಸಿ ಬೇಲಿಯ ಹತ್ತಿರ ಬಂದು ನಿಂತಳು. ಸಿಪ್ಪೆ ಉದುರುವುದನ್ನು ನೋಡುತ್ತಿದ್ದಳು.

“ಕೂಕಂಡೇ ಹ್ವಾದ್ರಾ?” ಎಂದಳು ಕೊನೆಗೆ. ಗಂಡ ಅವಳಿಗೆ ಹೇಳಿಯೇ ಇದ್ದಾನು. ಆದರೂ ಕೇಳಿದಳು.

“ಕುಂತೇ ಹೋದ್ರು,” ಎಂದೆ.

ಅವಳು ತಲೆಯಾಡಿಸಿ, ಬುಟ್ಟಿ ಎತ್ತಿಕೊಂಡು ಹೋದಳು.

ಗೆರೆ ಮುಟ್ಟಿದಾಗ, ಅದನ್ನು ಉಳಿಸಿ ನಿಲ್ಲಿಸಿದೆ. ಕದ ಏರಿಸಿ ಮುಚ್ಚಿ ನೋಡಿದೆ, ಕೂತಿತು. ಮತ್ತೆ ಇಳಿಸಿ ಅಂಚಿಗೂ ಗೆರೆಯ ಮೇಲೂ ಸೀಲರ್ ಬಳಿದೆ. ಮೊದಲ ಕೋಟಿಗೆ ಪ್ರೈಮರಿನ ಬಿಳಿ ಬೆರೆಸಬೇಕಿತ್ತು, ಅಲ್ಲಿಯ ಉಪ್ಪುಗಾಳಿಗೆ ಅದು ಬೇಕು. ಗೆರೆ ಮಸುಕಾಯಿತು. ಅದು ಒಣಗಲು ಬಿಟ್ಟು ಮಾರನೆಯ ದಿನ ಇನ್ನೊಂದು ಕೋಟು ಹೊಡೆದೆ. ಬೆಳಕಿಗೆ ಓರೆ ಹಿಡಿದು ನೋಡಿದರೆ ಇನ್ನೂ ಅಲ್ಲಿ ಇಲ್ಲಿ ಕಾಣುತ್ತಿತ್ತು.

ಮೂರನೆಯದನ್ನೂ ಹೊಡೆದೆ.